ಎರಡೇ ಸೀಟಿನ ಆಸೆ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ, ನನಗೆ ಹೋದಲ್ಲೆಲ್ಲ ಸ್ಪೋರ್ಟ್ಸ್ ಕಾರಿನಿಂದ ಏನಾದರೊಂದು ಫಜೀತಿ ಆಗುತ್ತದೆ. ಹೊನ್ನಾವರದಲ್ಲಿ ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ. ಕಲಿಯುವವರು ಸ್ಟೇರಿಂಗ್ ಹಿಡಿಯುತ್ತಾರೆ, ನಾನು ಎಡಗಡೆ ಕೂತು ನನ್ನ ಕಾಲಡಿಯ ಇನ್ನೊಂದು ಬ್ರೇಕ್ ಒತ್ತುತ್ತೇನೆ. ನನ್ನ ಅಭಿಪ್ರಾಯ ಕೇಳಿದರೆ ಕಾರು ಅಂದರೆ ನೆಲಕ್ಕೆ ಅಂಟಿಕೊಂಡು ಓಡಬೇಕು, ಎರಡೇ ಸೀಟು ಇರಬೇಕು. ಮೂರನೆಯವರಿಗೆ ಜಾಗ ಮಾಡಿದ ಕೂಡಲೇ ಅದು ಟೆಂಪೋ. ಅಂಥ ಕಾರು ಒಂದು ಸಲ ನನ್ನದಾಗುವುದರಲ್ಲಿತ್ತು. ಕೈಯಾರೆ ಬಿಟ್ಟೆ. ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಮಿರ್ಜಾನದವರೆಗೆ ಪಾಠ

ಶುರುವಿನ ವರ್ಷಗಳ ಮಾತು. ನಿವೃತ್ತಿ ಹತ್ತಿರ ಬಂದ ಶಾಲಾ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ಒಬ್ಬರು ಕಲಿಯಲು ಬರುತ್ತಿದ್ದರು. ಮೂರನೇ ಗೇರ್ ದಾಟಿದವರಲ್ಲ. ಶರಾವತಿ ಸೇತುವೆ ಮುಗಿದು ಪೇಟೆಗೆ ಬರುವಾಗ ಹೊರ ರಾಜ್ಯದ ನಂಬರಿನ ಕೆಂಪು ಕಾರೊಂದು ನಮ್ಮನ್ನು ಹಿಂದಕ್ಕೆ ಹಾಕಿ ಹೋಯಿತು. ನನ್ನ ಬಾಯಿಂದ "ಅದರ ಹಿಂದೆ ಹೋಗಿ" ಎಂದು ಬಂದುಬಿಟ್ಟಿತು. ಅಕ್ಕೋರು ಹೇಳಿದ ಮಾತು ಕೇಳುವ ಪೈಕಿ. ಕರ್ಕಿ ಹೋಯಿತು, ಕುಮಟಾ ಹೋಯಿತು, ಕೊನೆಗೆ ಮಿರ್ಜಾನದ ಕೋಟೆ ಹತ್ತಿರ ಆ ಕಾರು ನಿಂತಿರುವುದು ಸಿಕ್ಕಿತು. ನಾವು ಹಿಡಿದದ್ದಲ್ಲ, ಅವರು ಫೋಟೋ ತೆಗೆಯಲು ನಿಲ್ಲಿಸಿ ಬಹಳ ಹೊತ್ತಾಗಿತ್ತು.

ನನಗೆ ಹತ್ತಿರ ಹೋಗಲು ಸಂಕೋಚ. ಅಕ್ಕೋರೇ ಇಳಿದು ಹೋಗಿ, ನಮ್ಮ ಮಾಸ್ತರರಿಗೆ ಇದರಲ್ಲಿ ಒಂದು ಸಲ ಕೂರುವ ಆಸೆ ಇದೆ ಎಂದು ಮಕ್ಕಳ ಪರವಾಗಿ ಕೇಳಿದ ಹಾಗೆ ಕೇಳಿದರು. ಮಾಲೀಕ ಒಳ್ಳೆಯ ಮನುಷ್ಯ. ಕೀಲಿಕೈ ಕೈಗೇ ಕೊಟ್ಟು, ಒಂದು ಸುತ್ತು ಹೊಡೆದು ಬನ್ನಿ ಅಂದ. ಬಾಗಿಲು ತೆಗೆದು ಕೂತೆ. ಬೆಲ್ಟ್ ಹಾಕಿಕೊಂಡೆ. ಕಾಲು ಬ್ರೇಕ್ ಹುಡುಕಿತು, ಸಿಗಲಿಲ್ಲ. ಅಭ್ಯಾಸಬಲದಿಂದ ಎಡಗಡೆ ಸೀಟಿನಲ್ಲಿ ಕೂತಿದ್ದೆ.

ಎದ್ದು ಆ ಕಡೆ ಹೋಗಬಹುದಿತ್ತು. ನಾಚಿಕೆಯಾಗಿ ಥ್ಯಾಂಕ್ಸ್ ಹೇಳಿ ಇಳಿದುಬಿಟ್ಟೆ. ವಾಪಸು ಹೊರಡುವಾಗ ಅಕ್ಕೋರು ಕನ್ನಡಿ ಸರಿಮಾಡಿಕೊಂಡು ಗೇರ್ ಹಾಕಿದರು. ಆಮೇಲೆ, "ಮಾಸ್ತರ್ರೆ, ನನ್ನ ಶಾಲೇಲಿ ಒಂದನೇ ಕ್ಲಾಸಿನ ಮಕ್ಕಳೂ ತಮ್ಮ ಜಾಗ ಗೊತ್ತು ಮಾಡ್ಕಂತವೆ" ಅಂದರು.

ತಜ್ಞರ ಸಲಹೆ

ಕಾರಿನ ಹುಚ್ಚು ಇರುವವನೆಂದು ಹೆಸರಾದ ಮೇಲೆ ಕಾರು ಕೊಳ್ಳುವವರೆಲ್ಲ ನನ್ನನ್ನು ಕೇಳಿಯೇ ಕೊಳ್ಳುತ್ತಾರೆ, ನಾನು ಹೇಳಿದ್ದೊಂದನ್ನು ಬಿಟ್ಟು. ಕರ್ಕಿ ಕಡೆಯ ತೋಟದ ಹೆಗಡೆಯವರು ಸಂಸಾರಕ್ಕೆ ಕಾರು ನೋಡುತ್ತಿದ್ದರು. ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು. ನಾನು ದಾರಿ ತಪ್ಪಿ ಸ್ಪೋರ್ಟ್ಸ್ ಕಾರಿಗೆ ಹೋದೆ. ನಿಜವಾದ ಕಾರಿನಲ್ಲಿ ಎಂಜಿನ್ ಮುಂದೆ ಇರುವುದಿಲ್ಲ, ನಡುಮಧ್ಯ ಇರುತ್ತದೆ, ಅದರಿಂದ ತಿರುವಿನಲ್ಲಿ ಕಾರು ಅಲುಗುವುದಿಲ್ಲ ಎಂದು ಮುಕ್ಕಾಲು ಗಂಟೆ ವಿವರಿಸಿದೆ. ಹೆಗಡೆಯವರು ಬಾಯಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು ಪೂರಾ ಕೇಳಿದರು. ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ.

ಎದ್ದುಹೋಗಿ ಕವಳ ಉಗಿದು ಬಂದು, "ಎಲ್ಲಾ ಸರಿ ಇದ್ದು ಮಾಸ್ತರ್ರೆ. ಎಂಜಿನ್ ಮಧ್ಯ ಇದ್ದು ಅಂದ್ರೆ ಅತ್ತೆ ಎಲ್ಲಿ ಕೂರವು?" ಅಂದರು.

ಭಟ್ಕಳದ ಕಾರು

ಒಂಬತ್ತು ವರ್ಷದ ಹಿಂದೆ ಭಟ್ಕಳದ ಸಾಹೇಬರೊಬ್ಬರು ಫೋನ್ ಮಾಡಿದರು. ಅವರ ಹೆಣ್ಣುಮಕ್ಕಳಿಬ್ಬರಿಗೂ ನಾನೇ ಕಲಿಸಿದ್ದು. ದುಬೈಯಲ್ಲಿ ವ್ಯಾಪಾರ, ಊರಿಗೆ ವರ್ಷಕ್ಕೊಮ್ಮೆ. ಮುಂಬಯಿಯಲ್ಲಿ ಕೊಂಡ ಎರಡು ಸೀಟಿನ, ತಲೆಯ ಮೇಲಿನ ಮಾಡು ತೆಗೆಯಬಹುದಾದ ಕೆಂಪು ಕಾರು ಮನೆಯಲ್ಲಿ ನಿಂತು ನಿಂತು ಬ್ಯಾಟರಿ ಸಾಯುತ್ತಿತ್ತು. ವಾರಕ್ಕೊಂದು ಸಲ ಶಿರಾಲಿಯವರೆಗೆ ಓಡಿಸಿ ತಂದಿಡಬೇಕು, ಅಷ್ಟೇ ಕೆಲಸ. ನಾನು ಸಂಬಳ ಕೇಳುವುದನ್ನೇ ಮರೆತೆ.

ಎರಡನೇ ವಾರ ಶಿರಾಲಿ ಸ್ಟಾಪಿನಲ್ಲಿ ಪರಿಚಯದ ಮೀನು ಮಾರುವ ಹೆಂಗಸು ಬುಟ್ಟಿ ಇಟ್ಟುಕೊಂಡು ಕೈ ಮಾಡಿದಳು. ನಮ್ಮ ಕಡೆ ಕೈ ಮಾಡಿದವರನ್ನು ಬಿಟ್ಟು ಹೋಗುವ ರೂಢಿ ಇಲ್ಲ, ನಿಲ್ಲಿಸಿದೆ. ಅವಳು ಬಗ್ಗಿ ನೋಡಿದಳು. "ಮಾಸ್ತರ್ರೆ, ಇದರ ಉಳಿದರ್ಧ ಎಲ್ಲಿ?" ಎಂದು ಕೇಳಿದಳು. ಇಷ್ಟೇ ಇರುವುದು ಅಂದೆ. ಇಷ್ಟು ತಗ್ಗಿನಲ್ಲಿ ಕೂತರೆ ಏಳುವುದು ತನ್ನಿಂದಾಗದು ಎಂದು ಲೆಕ್ಕ ಹಾಕಿ, ಬುಟ್ಟಿಯನ್ನು ಸೀಟಿನ ಮೇಲಿಟ್ಟು ಬೆಲ್ಟ್ ಕಟ್ಟಿಸಿದಳು. ಭಟ್ಕಳ ಪೇಟೆಯಲ್ಲಿ ಇಳಿಸಿಡಿ, ತಾನು ಮುಂದಿನ ಬಸ್ಸಿಗೆ ಬರುತ್ತೇನೆ ಅಂದಳು.

ಸೀಟು ಮೂರು ಸಲ ತೊಳೆದೆ. ಹೆಂಡತಿಯನ್ನು ಒಂದು ದಿನ ಕೂರಿಸಬೇಕು ಅಂದುಕೊಳ್ಳುತ್ತಿದ್ದೆ, ಪರರ ಕಾರು ಎಂದು ಸುಮ್ಮನಾಗುತ್ತಿದ್ದೆ. ಹಾಗಾಗಿ ಆ ಕಾರಿನಲ್ಲಿ ನನ್ನ ಪಕ್ಕ ಕೂತು ಗಾಳಿಗೆ ಮೈಯೊಡ್ಡಿ ಹೋದದ್ದು ಒಂದು ಬುಟ್ಟಿ ಬಂಗಡೆ ಮಾತ್ರ.

ಬಲಕ್ಕೋ ಎಡಕ್ಕೋ

ಮರುವರ್ಷ ಸಾಹೇಬರು ಬಂದವರು ಕಾರು ಮಾರುವುದಾಗಿ ಹೇಳಿದರು. "ಮಾಸ್ತರ್ ಸಾಬ್, ಇದನ್ನ ನನಗಿಂತ ಜಾಸ್ತಿ ಓಡಿಸಿದ್ದು ನೀವು. ನೀವೇ ಇಟ್ಕೊಳ್ಳಿ" ಅಂದರು. ಬೆಲೆಯನ್ನೂ ನನಗೆ ನಿಲುಕುವಷ್ಟೇ ಹೇಳಿದರು. ನಾನು ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ.

ಹೆಂಡತಿ, ನಿಮ್ಮಿಷ್ಟ ಅಂದಳು. ಅಮ್ಮ, ದೇವರ ಹತ್ತಿರ ಪ್ರಸಾದ ಕೇಳು ಅಂದಳು. ನಮ್ಮಲ್ಲಿ ಮದುವೆಯಿಂದ ಬಾವಿಯವರೆಗೆ ಎಲ್ಲದಕ್ಕೂ ಅದೇ. ಭಟ್ಟರು ಮೂರ್ತಿಯ ಮೇಲೆ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳು ಅಂಟಿಸುತ್ತಾರೆ. ಬಲಗಡೆಯದು ಉದುರಿದರೆ ಆಗಲಿ ಎಂದು, ಎಡಗಡೆಯದಾದರೆ ಬೇಡ ಎಂದು. ನಾನೊಬ್ಬನೇ ಹೋಗಿ ಕೈಮುಗಿದು ನಿಂತೆ. ಹೂ ಬಲಕ್ಕೇ ಬಿತ್ತು, ತಡವೂ ಆಗಲಿಲ್ಲ.

ಆಗ ಹೆದರಿದೆ. ನಮ್ಮ ಓಣಿಗೆ ಈ ಕಾರು ತಿರುಗುತ್ತದೆಯೇ, ಮಳೆಗಾಲದಲ್ಲಿ ಎಲ್ಲಿಡುವುದು, ಡ್ರೈವಿಂಗ್ ಮಾಸ್ತರನಿಗೆ ಶೋಕಿ ನೋಡು ಎಂದು ಜನ ಅಂದರೆ? ನನಗೆ ಆಸೆ ಪಡುವುದು ಚೆನ್ನಾಗಿ ಬರುತ್ತಿತ್ತು, ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಮನೆಗೆ ಬಂದು ಹೂ ಎಡಕ್ಕೆ ಬಿತ್ತು ಎಂದೆ. ಹೆಂಡತಿ "ಹೌದಾ" ಎಂದು ಒಳಗೆ ಹೋದಳು. ತಿಂಗಳ ನಂತರ ಕಾರು ಮಂಗಳೂರಿನವರ ಪಾಲಾಯಿತು. ಅಂದಿನಿಂದ ಯಾರು ಕೇಳಿದರೂ, ನನಗೆ ಮನಸ್ಸಿತ್ತು, ದೇವರು ಒಪ್ಪಲಿಲ್ಲ ಎಂದೇ ಹೇಳುತ್ತ ಬಂದೆ.

ಕಳೆದ ತಿಂಗಳು ಹೆದ್ದಾರಿಯಲ್ಲಿ ಅಂಥದೇ ಕಾರು ಕಂಡು, ಮನೆಗೆ ಬಂದು ಅದೇ ರಾಗ ತೆಗೆದೆ. ಹೆಂಡತಿ ಬಸಳೆ ಹೆಚ್ಚುತ್ತಿದ್ದಳು. ತಲೆ ಎತ್ತದೆ, "ದೇವರ ಮೇಲೆ ಎಂತಕ್ಕೆ ಹಾಕ್ತ್ರಿ? ಹೂ ಬಲಕ್ಕೇ ಬಿದ್ದಿತ್ತು" ಅಂದಳು.

ನಾನು ಪ್ರಸಾದ ಕೇಳಿ ಬಂದ ಮರುದಿನವೇ ಅವಳು ದೇವಸ್ಥಾನಕ್ಕೆ ಹೋಗಿದ್ದಳಂತೆ. ಹೊಸ ಕಾರಿನ ಪೂಜೆ ಯಾವಾಗ ಎಂದು ಭಟ್ಟರೇ ಕೇಳಿದರಂತೆ. ಗೊತ್ತಿದ್ದೂ ಎಂಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಕಾರು ಹೋಗೋವರೆಗೂ ಕಾದೆ, ನೀವೇ ಹೇಳ್ತ್ರೇನೋ ಅಂತ. ಮೇಲೆ ಮಾಡಿಲ್ಲದ ಕಾರು, ಕಣ್ಣಿಗೆ ಧೂಳು ಬೀಳ್ತದೆ ಅಂತ ಕಪ್ಪು ಕನ್ನಡಕನೂ ತಂದಿಟ್ಟಿದ್ದೆ."

ಅವಳಿಗೂ ಆಸೆ ಇತ್ತು ಎಂದು ನನಗೆ ಹೊಳೆದೇ ಇರಲಿಲ್ಲ. ಆ ಎರಡನೇ ಸೀಟು ಯಾರಿಗೆ ಎಂದು ನಾನು ಒಮ್ಮೆಯೂ ಅವಳಿಗೆ ಹೇಳಿರಲಿಲ್ಲ. ಆ ಕನ್ನಡಕ ಈಗೆಲ್ಲಿ ಎಂದು ಕೇಳಿದೆ.

"ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ ಕೊಟ್ಟೆನಲ್ಲ, ಅದೇ" ಅಂದಳು.

ಅಮ್ಮನನ್ನು ಅಂದು ಕುಮಟಾದ ಆಸ್ಪತ್ರೆಯಿಂದ ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಕರೆತಂದಿದ್ದೆ. ಹಿಂದಿನ ಸೀಟಿನಲ್ಲಿ ಒಂಬತ್ತು ಗಜದ ಸೀರೆ, ಮೂಗಿನ ಮೇಲೆ ಅಷ್ಟಗಲದ ಮಿಂಚುವ ಕನ್ನಡಕ. ಯಾವ ಸ್ಪೋರ್ಟ್ಸ್ ಕಾರಿಗೆ ಹೊರಟೆಯೇ ಅಮ್ಮಾ ಎಂದು ಕೇಳಿ, ಹೆಂಡತಿಯ ಎದುರೇ, ದಾರಿಯುದ್ದಕ್ಕೂ ನಕ್ಕವನು ನಾನು.