ಖಜಾಂಚಿಯ ಎಕ್ಸ್‌ರೇ ಕವರು

ನಲವತ್ತು ರೂಪಾಯಿ ಕೊಟ್ಟು ಒಂದು ಪ್ಲಾಸ್ಟಿಕ್ ಫೈಲು ಕೊಂಡಿದ್ದರೆ ದಿನಕರನಿಗೆ ಈ ಗತಿ ಬರುತ್ತಿರಲಿಲ್ಲ. ಆದರೆ ಸಾಲ ಕಟ್ಟಲಾಗುವುದಿಲ್ಲ ಎಂದು ಬ್ಯಾಂಕಿನ ಮುಂದೆ ಹೇಳಿಕೊಳ್ಳಲು ಹೊರಟವನು ಹೊಸ ಫೈಲು ಹಿಡಿದು ಹೋದರೆ ಚೆನ್ನಾಗಿರುತ್ತದೆಯೇ ಎಂದು ಅವನಿಗೆ ಅನ್ನಿಸಿತು. ಮಂಚದ ಕೆಳಗೆ ತಡಕಾಡಿದಾಗ, ಹಿಂದೆ ಮೊಣಕಾಲಿಗೆ ತೆಗೆಸಿದ್ದ ಎಕ್ಸ್‌ರೇಯ ದೊಡ್ಡ ಖಾಕಿ ಕವರು ಸಿಕ್ಕಿತು. ಅರ್ಜಿ, ಸಂಬಳದ ಚೀಟಿ, ವಿಚ್ಛೇದನದ ತೀರ್ಪು ಎಲ್ಲವೂ ಅದರೊಳಗೆ ಸೊಗಸಾಗಿ ಕೂತವು.

ಬಡತನದ ತಯಾರಿಯನ್ನು ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ನಾಲ್ಕು ದಿನದಿಂದ ಗಡ್ಡ ಬೋಳಿಸಿರಲಿಲ್ಲ. ಕಾಲರು ಸವೆದ ಅಂಗಿಯನ್ನು ಹುಡುಕಿ ಹಾಕಿಕೊಂಡ. ಕನ್ನಡಿಯಲ್ಲಿ ನೋಡಿಕೊಂಡಾಗ, ತನಗೆ ಸಾಲ ಕೊಟ್ಟವರ ಬುದ್ಧಿಯ ಬಗ್ಗೆಯೇ ಅವನಿಗೆ ಅನುಮಾನ ಬಂತು.

ದಿನಕರ ಪುತ್ತೂರಿನ ಕಡೆಯವನು. ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ, ಸಾವಿರದಿನ್ನೂರು ಜನರ ಸಂಬಳ ಒಂದು ಪೈಸೆ ಹೆಚ್ಚುಕಡಿಮೆಯಾಗದಂತೆ ನೋಡಿಕೊಳ್ಳುವ ಕೆಲಸ ಅವನದು. ತನ್ನ ಸಂಬಳ ಮಾತ್ರ ಹದಿನೈದನೇ ತಾರೀಕಿನೊಳಗೆ ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಇದುವರೆಗೆ ತಿಳಿದಿಲ್ಲ. ವಿಚ್ಛೇದನವಾದ ಮೇಲೆ ಒಂಬತ್ತು ವರ್ಷದ ಮಗಳು ಸಂಹಿತಾ ಅವನ ಜೊತೆಗೇ ಇದ್ದಾಳೆ. ಅವನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಮಲಯಾಳದಲ್ಲಿ.

ಸಾಲದ ಮೂಲ ಬನ್ಸ್. ಕಳಮಶ್ಶೇರಿಯ ಮೆಟ್ರೋ ಸ್ಟೇಷನ್ನಿನ ಹತ್ತಿರ ಮಂಗಳೂರು ಬನ್ಸ್ ಅಂಗಡಿ ಇಟ್ಟರೆ ಕಾಲೇಜು ಹುಡುಗರು ಮುಗಿಬೀಳುತ್ತಾರೆ ಎಂದು ಅವನಿಗೆ ಒಂದು ಭಾನುವಾರ ಹೊಳೆಯಿತು. ಆರು ಲಕ್ಷ ಸಾಲ ಎತ್ತಿ, ಒಬ್ಬ ಅಡುಗೆಯವನನ್ನು ಕರೆಸಿ ಅಂಗಡಿ ತೆರೆದ. ಹುಡುಗರು ಮುಗಿಬಿದ್ದದ್ದೇನೋ ನಿಜ. ಎಲ್ಲರೂ ಬಂದು "ಪೊರೋಟ್ಟ ಇಲ್ಲೇ ಚೇಟ್ಟಾ?" ಎಂದು ಮಲಯಾಳದಲ್ಲಿ ಪರೋಟ ಕೇಳಿ, ಇಲ್ಲವೆಂದ ಕೂಡಲೇ ಎದುರಿನ ಅಂಗಡಿಗೆ ಹೋದರು. ಐದು ತಿಂಗಳು ತಂದೆ ಮಗಳು ಮೂರು ಹೊತ್ತೂ ಬನ್ಸ್ ತಿಂದರು. ಆರನೆಯ ತಿಂಗಳು ಅಂಗಡಿ ಮುಚ್ಚಿತು.

ಈಗ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಬಾಕಿ. ಬ್ಯಾಂಕು ಒಂದು ಪರಿಹಾರ ಯೋಜನೆ ತೆರೆದಿತ್ತು. ಮಕ್ಕಳನ್ನು ಒಬ್ಬರೇ ಸಾಕುವವರಿಗೆ ಅದರಲ್ಲಿ ವಿಶೇಷ ರಿಯಾಯಿತಿ. ಒಂದು ಲಕ್ಷ ಅರವತ್ತು ಸಾವಿರವನ್ನು ಎರಡು ವರ್ಷದಲ್ಲಿ ಕಟ್ಟಿದರೆ ಉಳಿದದ್ದು ಮನ್ನಾ. ಷರತ್ತು ಒಂದೇ, ಅರ್ಜಿದಾರನ ಉಳಿತಾಯ ಐವತ್ತು ಸಾವಿರ ದಾಟಿರಬಾರದು. ದಿನಕರನ ಖಾತೆಯಲ್ಲಿ ಇದ್ದದ್ದು ಮೂವತ್ತೆಂಟು ಸಾವಿರದ ನಾನೂರು, ಅದೂ ಸಂಹಿತಾಳ ಶಾಲೆಯ ಫೀಸಿಗೆಂದು ಇಟ್ಟದ್ದು. ಅರ್ಜಿ ಪಾಸಾಗದಿದ್ದರೆ ಬ್ಯಾಂಕು ಕೋರ್ಟಿಗೆ ಹೋಗುತ್ತಿತ್ತು, ಫೀಸಿನ ದುಡ್ಡೂ ಅದರ ಹಿಂದೆಯೇ ಹೋಗುತ್ತಿತ್ತು. ವಿಚಾರಣೆ ತಿರುವನಂತಪುರದ ಉಳ್ಳೂರಿನ ಕಚೇರಿಯಲ್ಲಿ. ಇಂದೇ ಕಡೆಯ ದಿನ, ಸಂಜೆ ಐದಕ್ಕೆ ಕಂಪ್ಯೂಟರೇ ಬಾಗಿಲು ಹಾಕಿಕೊಳ್ಳುತ್ತದೆ.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಅವನು ಕೊಚ್ಚಿಯ ಕನ್ನಡ ಬಳಗದ ಖಜಾಂಚಿ. ಕಳೆದ ರಾಜ್ಯೋತ್ಸವದಲ್ಲಿ 'ಮನೆಯ ಹಣಕಾಸಿನಲ್ಲಿ ಶಿಸ್ತು' ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಮಾತಾಡಿ ಶಾಲು ಹೊದೆಸಿಕೊಂಡಿದ್ದ. ಬಳಗಕ್ಕೆ ಸ್ವಂತ ಬ್ಯಾಂಕ್ ಖಾತೆ ಇಲ್ಲದ್ದರಿಂದ ಚಂದಾ, ದೇಣಿಗೆ ಎಲ್ಲವೂ ಅವನ ಖಾತೆಗೇ ಬರುತ್ತಿತ್ತು. ಅರ್ಜಿ ಹಾಕುವ ಮೊದಲು ಬಳಗದ ಹಣವನ್ನೆಲ್ಲ ಕಾರ್ಯದರ್ಶಿ ಜಯಣ್ಣನವರ ಕೈಗೆ ಒಪ್ಪಿಸುವಷ್ಟು ಬುದ್ಧಿವಂತಿಕೆ ಅವನಿಗಿತ್ತು. ಅಷ್ಟು ಮಾತ್ರವೇ ಇತ್ತು.

ಬೆಳಗಿನ ಜಾವ ಸಂಹಿತಾಳನ್ನು ಕೆಳಗಿನ ಫ್ಲ್ಯಾಟಿನ ಶಾಂತಕ್ಕನ ಮನೆಗೆ ಬಿಟ್ಟ. ಶಾಂತಕ್ಕ ಕಾಸರಗೋಡಿನವರು, ಬಳಗದ ಮಹಿಳಾ ವಿಭಾಗದ ಅಧ್ಯಕ್ಷೆ.

"ಎಲ್ಲಿಗೆ ಮಾರಾಯಾ ಇಷ್ಟು ಬೇಗ?"

"ಆಫೀಸಿನ ಕೆಲಸ ಉಂಟು ಶಾಂತಕ್ಕಾ. ಕಳಮಶ್ಶೇರಿಗೆ."

ಶಾಂತಕ್ಕ ಗಡ್ಡ ನೋಡಿದರು, ಕಾಲರು ನೋಡಿದರು, ಕೊನೆಗೆ ಖಾಕಿ ಕವರನ್ನು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಶಾಂತಕ್ಕ ಏನೂ ಹೇಳದೆ ಇದ್ದರೆ ಅಪಾಯ ಎಂಬುದು ಇಡೀ ಬಿಲ್ಡಿಂಗಿಗೆ ಗೊತ್ತಿತ್ತು, ರೈಲು ತಪ್ಪೀತೆಂದು ಓಡಿದ ದಿನಕರನಿಗೆ ಮಾತ್ರ ನೆನಪಾಗಲಿಲ್ಲ.

ತಿರುವನಂತಪುರದಲ್ಲಿ ರೈಲಿಳಿದು ಬಸ್ಸು ಹತ್ತುವಾಗ ಫೋನು ಬಂತು.

"ದಿನಕರಾ, ಹುಡುಗಿ ಊಟದ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದಾಳೆ. ನಾನೇ ಶಾಲೆಗೆ ಕೊಟ್ಟು ಬರ್ಲಾ?"

ಅವನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಕಂಡಕ್ಟರ್ "ಮೆಡಿಕಲ್ ಕಾಲೇಜ್, ಉಳ್ಳೂರ್, ಮೆಡಿಕಲ್ ಕಾಲೇಜ್" ಎಂದು ಕಿವಿ ಹರಿಯುವಂತೆ ಕೂಗಿದ.

ಆ ಕಡೆ ಶಾಂತಕ್ಕನ ಉಸಿರು ನಿಂತಂತಾಯಿತು. "ನೀನು ಎಲ್ಲಿದ್ದಿ?"

"ಕಳಮಶ್ಶೇರಿಯಲ್ಲೇ ಶಾಂತಕ್ಕಾ," ಎಂದು ಹೇಳಿ ದಿನಕರ ಫೋನು ಇಟ್ಟ. ತಾನು ಒಳ್ಳೆಯ ಸುಳ್ಳುಗಾರ ಎಂಬ ಭ್ರಮೆ ಅವನಿಗೆ ಮೊದಲಿನಿಂದಲೂ ಇತ್ತು.

ಬ್ಯಾಂಕಿನಲ್ಲಿ ಅವನ ಸರದಿ ಬರುವಾಗ ಮೂರೂವರೆ ಗಂಟೆ. ಅಧಿಕಾರಿಯ ಮೇಜಿನ ಮೇಲೆ 'ರತ್ನ' ಎಂಬ ಹೆಸರಿನ ಫಲಕವಿತ್ತು. ಅರ್ಜಿಯಲ್ಲಿ ಹುಟ್ಟಿದೂರು ನೋಡಿದ್ದೇ ಆಕೆಯ ಮುಖ ಅರಳಿತು.

"ಪುತ್ತೂರೇನ್ರೀ? ನಾ ಧಾರವಾಡದಾಕಿ. ಇಲ್ಲಿ ಕನ್ನಡ ಕೇಳಿ ಎಂಟು ತಿಂಗಳಾತು. ಕೂಡ್ರಿ, ಕೂಡ್ರಿ. ಒಬ್ಬರೇ ಮಗಳನ್ನ ನೋಡ್ಕೋತೀರಿ ಅಂದ್ರ ನಿಮ್ಮಂಥವರಿಗೇ ಈ ಸ್ಕೀಮ್ ಮಾಡ್ಯಾರ."

ಕವರಿನಿಂದ ಕಾಗದಗಳು ಒಂದೊಂದಾಗಿ ಹೊರಬಂದವು. ಎಲ್ಲವೂ ಸರಿಯಾಗಿತ್ತು. ದಿನಕರನಿಗೆ ವರ್ಷದಿಂದೀಚೆಗೆ ಮೊದಲ ಸಲ ಎದೆ ಹಗುರವಾಯಿತು. ಈ ಸಲ ಮಗಳಿಗೆ ಹೊಸ ಶೂ ಕೊಡಿಸಬಹುದು ಎಂದುಕೊಂಡ.

"ಇನ್ನೊಂದೇ ಕೆಲಸ ಉಳಿದೈತಿ. ನಿಮ್ಮ ಉಳಿತಾಯದ್ದು ಇವತ್ತಿನ ಬ್ಯಾಲೆನ್ಸ್ ತೋರಿಸ್ರಿ," ಎಂದರು ರತ್ನ.

ದಿನಕರ ಸದ್ದು ಅಡಗಿಸಿಟ್ಟಿದ್ದ ಫೋನು ತೆಗೆದು, ಖಾತೆ ತೆರೆದು, ಅಂಕಿಯನ್ನು ನೋಡದೆ ಗತ್ತಿನಿಂದ ಅವರ ಕಡೆ ತಿರುಗಿಸಿದ.

"ತೊಂಬತ್ತೊಂದು ಸಾವಿರ ಐತಲ್ರೀ?"

ದಿನಕರ ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. ಅವನು ನೋಡುತ್ತಿದ್ದಂತೆ ಅದು ತೊಂಬತ್ತಾರು ಸಾವಿರವಾಯಿತು. ಬಳಗದ ವಾಟ್ಸಾಪ್ ಗುಂಪು ತೆರೆದ. ಮೇಲೆಯೇ ಶಾಂತಕ್ಕನ ಸಂದೇಶವಿತ್ತು: 'ನಮ್ಮ ದಿನಕರನಿಗೆ ಎಂತದೋ ದೊಡ್ಡ ಕಾಯಿಲೆ. ಯಾರಿಗೂ ಹೇಳದೆ ಎಕ್ಸ್‌ರೇ ಹಿಡ್ಕೊಂಡು ತಿರುವನಂತಪುರದ ಮೆಡಿಕಲ್ ಕಾಲೇಜಿಗೆ ಹೋಗಿದ್ದಾನೆ. ಕೇಳಿದರೆ ಕಳಮಶ್ಶೇರಿ ಅಂತಾನೆ.' ಅದರ ಕೆಳಗೆ ಜಯಣ್ಣನವರ ಆದೇಶ: 'ಎಲ್ಲರೂ ಕೈಲಾದಷ್ಟು ಕಳುಹಿಸಿ. ಎಂದಿನಂತೆ ಖಜಾಂಚಿಯವರ ನಂಬರಿಗೆ.'

ಕಣ್ಣು ತುಂಬಿ ಬಂತು. ತನಗಾಗಿ ಇಷ್ಟು ಜನ ಮರುಗುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಮಾರನೆಯ ದಿನ ಮರುಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದೂ ಅನ್ನಿಸಿತು.

ಅವನು ಎಲ್ಲವನ್ನೂ ಬಾಯಿಬಿಟ್ಟ. ರತ್ನ ಗಡಿಯಾರ ನೋಡಿದರು.

"ಹೆದರಬ್ಯಾಡ್ರಿ. ಈ ರೊಕ್ಕ ನಿಮ್ದಲ್ಲ, ಬಳಗದ್ದು ಅಂತ ನಿಮ್ಮ ಕಾರ್ಯದರ್ಶಿ ಎರಡು ಸಾಲು ಬರೆದು ಈ ಇಮೇಲಿಗೆ ಕಳಿಸ್ಲಿ. ಐದರೊಳಗ ಬಂದ್ರ ನಾ ಪಾಸ್ ಮಾಡ್ತೀನಿ."

ಜಯಣ್ಣ ಮೈಸೂರಿನವರು, ಅಂಚೆ ಇಲಾಖೆಯಿಂದ ನಿವೃತ್ತರಾಗಿ ಕೊಚ್ಚಿಯಲ್ಲೇ ಉಳಿದವರು. ಬಳಗದ ಎಲ್ಲ ಸನ್ಮಾನಪತ್ರಗಳೂ ಅವರದೇ ಕೈಬರಹ. ಮೋರಿ ಕಟ್ಟಿಕೊಂಡಿದೆ ಎಂದು ನಗರಸಭೆಗೆ ಬರೆಯುವ ದೂರನ್ನೂ ಅವರು 'ಜನಾನುರಾಗಿಗಳೇ' ಎಂದೇ ಶುರುಮಾಡುತ್ತಿದ್ದರು. ಫೋನಿನಲ್ಲಿ ಅವರಿಗೆ ಸಾಲದ ಕತೆ ಹೇಳಿಕೊಳ್ಳುವಾಗ ದಿನಕರನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಮೊದಲೇ ಹೇಳ್ಬಾರ್ದಾಗಿತ್ತಾ ದಿನಕರ್?" ಎಂದರು ಜಯಣ್ಣ ಗದ್ಗದಿತರಾಗಿ. "ಕಾಯಿಲೆ ಇಲ್ವಲ್ಲ, ಅಷ್ಟು ಸಾಕು. ನಿಮ್ಮಂಥವರು ಬ್ಯಾಂಕ್‌ನವರ ಮುಂದೆ ತಲೆ ತಗ್ಗಿಸೋದಾ? ನಾನು ಬಿಟ್ಟೇನಾ?"

"ಎರಡೇ ಸಾಲು ಸಾಕು ಜಯಣ್ಣೋರೆ. ಹಣ ಬಳಗದ್ದು ಅಂತ."

"ನಾನ್ ನೋಡ್ಕೋತೀನಿ ಬಿಡಿ."

ನಾಲ್ಕೂ ಐವತ್ತಕ್ಕೆ ಪತ್ರ ಬಂತು. ಎರಡು ಸಾಲಲ್ಲ, ಎರಡು ಪುಟ. ರತ್ನ ಗಟ್ಟಿಯಾಗಿ ಓದತೊಡಗಿದರು.

"'ಮಾನ್ಯರೇ, ತಮ್ಮೆದುರು ಕುಳಿತಿರುವ ಶ್ರೀ ದಿನಕರ ಅವರು ಆರ್ಥಿಕ ಶಿಸ್ತಿಗೆ ಇನ್ನೊಂದು ಹೆಸರು. ಕೊಡುಗೈ ದಾನಿಗಳು. ಬಳಗದ ಕಷ್ಟಕಾಲದಲ್ಲಿ ಲಕ್ಷಾಂತರ ರೂಪಾಯಿಗಳನ್ನು ಸ್ವಂತ ಜೇಬಿನಿಂದ ನೀಡಿ, ಮರಳಿ ಕೇಳದ ಮಹನೀಯರು.' ಇದು ಖರೇನಾ?"

"ಒಮ್ಮೆ ಮೈಕಿನವನಿಗೆ ಏಳುನೂರು ಕೊಟ್ಟಿದ್ದೆ," ಎಂದ ದಿನಕರ ಕ್ಷೀಣವಾಗಿ.

"'ಇಂದು ಅವರ ಖಾತೆಗೆ ಬಂದಿರುವ ಹಣ ಬಳಗದ್ದು. ಅದರ ಅಗತ್ಯ ಅವರಿಗೆ ಎಳ್ಳಷ್ಟೂ ಇಲ್ಲ. ಮನಸ್ಸು ಮಾಡಿದರೆ ತಮ್ಮ ಬ್ಯಾಂಕಿನ ಸಾಲವನ್ನು ನಾಳೆ ಬೆಳಿಗ್ಗೆಯೇ ಪೂರ್ತಿ ತೀರಿಸಬಲ್ಲ ಗಟ್ಟಿಕುಳ ಇವರು ಎಂದು ಬಳಗದ ಪರವಾಗಿ ದೃಢೀಕರಿಸುತ್ತೇನೆ.'"

ದಿನಕರ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ಮೇಡಂ, ಇದನ್ನು ನೀವು ನೋಡಲೇ ಇಲ್ಲ ಅಂತ ಮಾಡ್ಲಿಕ್ಕೆ ಆಗ್ತದಾ? ಬೇರೆ ಬರೆಸ್ತೇನೆ."

ರತ್ನ ಪತ್ರದ ಕೊನೆಯನ್ನು ತೋರಿಸಿದರು. ಅಂಚೆ ಇಲಾಖೆಯ ಮೂವತ್ತೈದು ವರ್ಷದ ಅಭ್ಯಾಸದಂತೆ ಜಯಣ್ಣ ಅದರ ಪ್ರತಿಯನ್ನು ಇಂಗ್ಲಿಷ್ ಅನುವಾದದೊಂದಿಗೆ ಮ್ಯಾನೇಜರಿಗೂ ಕಳಿಸಿದ್ದರು. ಗಾಜಿನ ಕೋಣೆಯೊಳಗಿಂದ ಮ್ಯಾನೇಜರು ದಿನಕರನನ್ನು ಗೌರವದಿಂದ ನೋಡಿ ತಲೆಯಾಡಿಸಿದರು.

"ಪತ್ರ ಬಿಟ್ರ ಆ ರೊಕ್ಕ ನಿಮ್ದು. ಪತ್ರ ಇಟ್ರ ನೀವು ಕುಬೇರ," ಎಂದರು ರತ್ನ. "ನಾ ಏನ್ ಮಾಡ್ಲಿ ಹೇಳ್ರಿ?"

ಐದು ಗಂಟೆಗೆ ಪರದೆಯ ಮೇಲೆ 'ತಿರಸ್ಕೃತ' ಎಂದು ಬಿತ್ತು. ರತ್ನ ತಮ್ಮ ಡಬ್ಬಿಯಲ್ಲಿದ್ದ ಧಾರವಾಡ ಪೇಡೆಯೊಂದನ್ನು ಅವನ ಕೈಗಿಟ್ಟರು. ಅಂದು ಬ್ಯಾಂಕಿನಿಂದ ಅವನಿಗೆ ಸಿಕ್ಕ ಪರಿಹಾರ ಅದೊಂದೇ.

ರೈಲ್ವೆ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು, ಬಂದ ಹಣವನ್ನು ಒಬ್ಬೊಬ್ಬರಿಗೇ ವಾಪಸು ಕಳಿಸತೊಡಗಿದಾಗ ಸಂಹಿತಾಳ ಫೋನು ಬಂತು. ಅಳುವ ದನಿ.

"ಅಚ್ಛಾ, ಎಂದಾ ಅಸುಖಂ?"

ಅಪ್ಪಾ, ಏನು ಕಾಯಿಲೆ ಎಂದು ಕೇಳುತ್ತಿದ್ದಳು. ಅವಳ ಫೀಸು, ಅವಳ ಶೂ ಎಲ್ಲ ದಿನಕರನಿಗೆ ಒಟ್ಟಿಗೆ ನೆನಪಾದವು. "ಎಂತ ಕಾಯಿಲೆಯೂ ಇಲ್ಲ ಮಗಾ," ಎಂದ. "ಅಪ್ಪ ಗಟ್ಟಿ ಇದ್ದಾನೆ ಅಂತ ಎರಡು ಪುಟ ಬರೆದು ಕೊಟ್ಟಿದ್ದಾರೆ."

ಫೋನಿಟ್ಟು ನೋಡಿದರೆ ಜಯಣ್ಣ ಆ ಪತ್ರವನ್ನು ಗುಂಪಿಗೂ ಹಾಕಿದ್ದರು. ಕೆಳಗೆ ನಲವತ್ತಾರು ಚಪ್ಪಾಳೆಗಳು. ಆಗಲೇ ಗುಂಪಿನ ಕಿಶೋರ್ ಎಂಬವನಿಂದ, ಅವನಿಗೆ ಮಾತ್ರ ಕಾಣುವಂತೆ, ಬೇರೆಯೇ ಒಂದು ಸಂದೇಶ ಬಂತು.

'ದಿನಕರಣ್ಣ, ಪತ್ರ ಓದಿದೆ. ನಿಮ್ಮ ಬಗ್ಗೆ ಇಷ್ಟೆಲ್ಲ ಗೊತ್ತೇ ಇರಲಿಲ್ಲ. ಒಂದು ಇಪ್ಪತ್ತೈದು ಸಾವಿರ ಕೈಗಡ ಸಿಗಬಹುದಾ?'

ಇಲ್ಲ ಎಂದು ಟೈಪ್ ಮಾಡಲು ದಿನಕರ ಬೆರಳೆತ್ತಿದ. ನಲವತ್ತಾರು ಚಪ್ಪಾಳೆಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ, 'ಶನಿವಾರ ಮನೆಗೆ ಬಾ, ನೋಡುವ' ಎಂದು ಬರೆದು ಕಳಿಸಿದ.