ಹದಿನೇಳನೇ ನಂಬರಿನ ಡಬ್ಬಿ

ಮೊಮ್ಮಗಳ ವಿಷಯ ಎತ್ತಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಇದೊಂದು ಕಾಯಿಲೆ ಎಂದು ನನಗೂ ಗೊತ್ತು. ಥಾರ್ನ್ಲಿ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಕೂತ ತಪ್ಪಿಗೆ ಇಬ್ಬರು ರೈಲು ತಪ್ಪಿಸಿಕೊಂಡಿದ್ದಾರೆ. ಅವರಲ್ಲೊಬ್ಬರಿಗೆ ಕನ್ನಡವೇ ಬರುತ್ತಿರಲಿಲ್ಲ. ಬೇರೆ ತಾತಂದಿರು ಮೊಮ್ಮಕ್ಕಳ ಮಾರ್ಕ್ಸು, ಭರತನಾಟ್ಯ ಹೇಳಿಕೊಂಡು ಹಿಗ್ಗುತ್ತಾರೆ. ನಾನು ಹಿಗ್ಗುವುದು ಉಚ್ಚೆಯ ವಿಷಯಕ್ಕೆ. ತಟ್ಟೆ ಮುಂದಿಟ್ಟುಕೊಂಡು ಓದುತ್ತಿರುವವರು ಊಟ ಮುಗಿಸಿಯೇ ಬನ್ನಿ, ನಾನು ಇಲ್ಲೇ ಇರುತ್ತೇನೆ.

ಅರಸೀಕೆರೆಯಲ್ಲಿ ನಲವತ್ತು ವರ್ಷ ಹೊಲಿಗೆ ಮಿಷನ್ನು ತುಳಿದ ದರ್ಜಿ ನಾನು. ನಾಲ್ಕನೇ ಕ್ಲಾಸಿನಲ್ಲಿ ಎರಡು ವರ್ಷ ಕೂತು, ಬೆಂಚಿಗೂ ನನಗೂ ಪರಸ್ಪರ ಸಾಕಾಗಿ ಬಿಟ್ಟು ಬಂದವನು. ಮಗ ಆಸ್ಟ್ರೇಲಿಯಾದ ಪರ್ತಿನಲ್ಲಿ ಗಣಿ ಕಂಪನಿಯ ಜಿಯಾಲಜಿಸ್ಟು; ನಾನು, ನನ್ನಾಕೆ ಈಗ ಅಲ್ಲಿನ ಥಾರ್ನ್ಲಿಯ ಅವನ ಮನೆಯಲ್ಲೇ. ಕಲ್ಲು ನೋಡಿ ಒಳಗೇನಿದೆ ಹೇಳುತ್ತಾನೆ. ಅವನ ಮಗಳು ನಿಧಿ ಇನ್ನೂ ಒಂದು ಹೆಜ್ಜೆ ಮುಂದೆ, ಮನುಷ್ಯರ ಒಳಗೇನಿದೆ ಎಂದು ಹೇಳಲು ಹೊರಟವಳು. ಬ್ರಿಸ್ಬೇನಿನ ವಿಶ್ವವಿದ್ಯಾಲಯವೊಂದರಲ್ಲಿ ಅವಳ ಸಂಶೋಧನೆ. ಬೆರಳಗಲದ ಪಟ್ಟಿ, ಅದರ ಮೇಲೆ ಕೂದಲೆಳೆಯಂಥ ತಂತಿ. ಒಂದು ಹನಿ ಮೂತ್ರ ಬಿಟ್ಟು ಚೂರೇ ಚೂರು ಕರೆಂಟು ಹಾಯಿಸಿದರೆ, ಕಿಡ್ನಿ ಕೆಡುವ ಸುಳಿವನ್ನು ಮೊದಲೇ ಹಿಡಿದು ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುತ್ತದೆ. ಗೆರೆ ಗುಡ್ಡದ ಹಾಗೆ ಎದ್ದರೆ ಕೆಟ್ಟದ್ದು, ತಣ್ಣಗೆ ಮಲಗಿದ್ದರೆ ಒಳ್ಳೆಯದು. ಇಷ್ಟು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಮೊದಲ ಸಲ ಕೇಳಿದಾಗ ನಾನು ಗಾಬರಿಯಾಗಿ, "ಕರೆಂಟು ಯಾವಾಗ ಕೊಡ್ತೀಯಮ್ಮಾ, ಹುಯ್ಯುತ್ತಿರೋವಾಗಲೇನಾ?" ಎಂದಿದ್ದೆ. ಆಗ ವಾಟ್ಸಾಪ್ ಇನ್ನೂ ಹೊಸದು. ಈ ಮಾತು ಅಂದೇ ಸಂಜೆ ನೆಂಟರಿಗೆಲ್ಲ ತಲುಪಿತು.

ಅವಳ ಸಂಶೋಧನೆಯ ಮೂರನೇ ವರ್ಷ ಒಂದು ತಿಂಗಳು ಅವಳ ಜೊತೆಗಿರಲು ನಾನು ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯ ಅವಳ ಬಾಡಿಗೆ ಮನೆಗೆ ಹೋದೆ. ಹೋದ ವಾರದಲ್ಲೇ ಅವಳು ಹಲ್ಲು ಬಿಡುತ್ತ ಬಂದಳು. "ತಾತಾ, ಸ್ಟಡಿಗೆ ಹೆಲ್ದಿ ಓಲ್ಡ್ ಪೀಪಲ್ ಬೇಕು. ನೀವು ಸ್ಯಾಂಪಲ್ ಕೊಡ್ತೀರಾ?"

ಎಪ್ಪತ್ತನಾಲ್ಕು ವರ್ಷದಲ್ಲಿ ವಿದ್ಯಾವಂತರು ನನ್ನಿಂದ ಏನಾದರೂ ಕೇಳಿದ್ದು ಅದೇ ಮೊದಲು, ಪ್ಯಾಂಟು ಬಿಟ್ಟರೆ. ಆರು ಹಾಳೆಯ ಫಾರ್ಮಿಗೆ ಸಹಿ ಹಾಕಿದೆ. ಸಹಿ ಒಂದನ್ನು ನಾನು ಚೆನ್ನಾಗಿಯೇ ಹಾಕುತ್ತೇನೆ. ಡಬ್ಬಿಗೆ ಹೆಸರಿಲ್ಲ, ನಂಬರು ಮಾತ್ರ: ಹದಿನೇಳು. "ಎಂದಿನ ಹಾಗೇ ಊಟ ಮಾಡಿ ತಾತಾ, ಸ್ಪೆಷಲ್ ಏನೂ ಬೇಡ" ಎಂದು ಮೂರು ಸಲ ಹೇಳಿದಳು. ನಾನು ಮೂರು ಸಲ ತಲೆಯಾಡಿಸಿದೆ.

ಆದರೆ ಯೋಚಿಸಿ. ಮೊಮ್ಮಗಳ ಲ್ಯಾಬು, ದೊಡ್ಡ ದೊಡ್ಡ ಪ್ರೊಫೆಸರುಗಳು. ಅಲ್ಲಿಗೆ ಈ ಮನೆಯ ಮಾಲು ಹೋಗುವಾಗ ಎಂದಿನ ಹಾಗೆ ಹೋಗುವುದೇ? ನೆಲ್ಲಿಕಾಯಿ ಮೈಯೊಳಗನ್ನು ತೊಳೆದುಬಿಡುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಸನ್ನಿಬ್ಯಾಂಕಿನ ಇಂಡಿಯನ್ ಅಂಗಡಿಯಲ್ಲಿ ಹೆಪ್ಪುಗಟ್ಟಿದ ನೆಲ್ಲಿಕಾಯಿ ಪೊಟ್ಟಣ ಸಿಕ್ಕಿತು. ನಿಧಿ ಲ್ಯಾಬಿಗೆ ಹೋದ ಮೇಲೆ ಮಿಕ್ಸಿ ಹಾಕುವುದು, ಒಂದು ಚೊಂಬು ರಸ ಮೂಗು ಮುಚ್ಚಿ ಇಳಿಸುವುದು, ಮಿಕ್ಸಿ ತೊಳೆದು ಪೊಟ್ಟಣವನ್ನು ಕಸದ ಬುಟ್ಟಿಯ ತಳಕ್ಕೆ ತುರುಕುವುದು. ಮೂರು ದಿನ ಇದೇ ವ್ರತ. ಹಲ್ಲು ಜುಮ್ಮೆಂದು ಮಾತೇ ಹೊರಡುತ್ತಿರಲಿಲ್ಲ. ಅವಳು ನನ್ನ ಮೌನವನ್ನು ನೆಮ್ಮದಿ ಎಂದುಕೊಂಡಳು. ನಾಲ್ಕನೇ ಬೆಳಿಗ್ಗೆ ಡಬ್ಬಿ ತುಂಬಿಸಿ, ಹೊರಗೆಲ್ಲ ಒರೆಸಿ, ಹೊಸ ಶರಟು ಗಿರಾಕಿಗೆ ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟೆ.

ಅಂದು ಸಂಜೆ ಅವಳ ಮುಖದಲ್ಲಿ ರಕ್ತವಿರಲಿಲ್ಲ. "ನಾಳೆ ಆರ್ವೊ ಫ್ರೀ ಇದೀರಾ ತಾತಾ? ಡಾಕ್ಟರ್ ಆಂಟಿ ಹತ್ರ ಹೋಗ್ಬರೋಣ. ಜಸ್ಟ್ ಚೆಕಪ್." ಆರ್ವೊ ಎಂದರೆ ಇಲ್ಲಿಯವರ ಮಧ್ಯಾಹ್ನ. ನನಗೆ ಎಲ್ಲ ಮಧ್ಯಾಹ್ನವೂ ಫ್ರೀ. ಹದಿನೇಳನೇ ಗೆರೆ ಗುಡ್ಡವಲ್ಲ, ಬೆಟ್ಟವಾಗಿ ಎದ್ದಿತ್ತಂತೆ.

ಡಾಕ್ಟರು ಮೈಸೂರಿನ ಹೆಣ್ಣುಮಗಳು. ರಕ್ತ, ಮೂತ್ರ ಎಲ್ಲ ತಮ್ಮ ಲ್ಯಾಬಿಗೆ ಕಳಿಸಿ, ಎರಡು ದಿನ ಬಿಟ್ಟು ಕರೆದರು. "ಅಂಕಲ್, ನಿಮ್ಮ ಕಿಡ್ನಿ ನನಗಿಂತ ಚೆನ್ನಾಗಿದೆ!" ನಾನು ಥಾರ್ನ್ಲಿಗೆ ಫೋನು ಹಚ್ಚಿದೆ. ನನ್ನಾಕೆ ಅಷ್ಟೂ ಕೇಳಿ, "ಕಿಡ್ನಿ ಸರಿ, ತಲೆ ತೋರಿಸಿದ್ರಾ?" ಎಂದಳು.

ನಿಧಿ ಮಾತ್ರ ಅಡುಗೆಮನೆಯ ಮೇಜಿನ ಮುಂದೆ ಕೂತು ಅಳುತ್ತಿದ್ದಳು. "ನೀವು ಹೆಲ್ದಿ ಅಂತ ಐ ಆ್ಯಮ್ ಸೋ ಹ್ಯಾಪಿ ತಾತಾ. ಆದ್ರೆ ನನ್ ಸೆನ್ಸರ್ ಸುಳ್ಳು ಹೇಳ್ತಿದೆ. ಮೂರು ವರ್ಷ! ಇನ್ನೆರಡು ವಾರಕ್ಕೆ ಅಡಿಲೇಡ್ ಕಾನ್ಫರೆನ್ಸಲ್ಲಿ ಎಲ್ಲರ ಮುಂದೆ ತೋರಿಸ್ಬೇಕು. ಏನಂತ ತೋರಿಸ್ಲಿ?"

ನನಗೆ ಆಗ ನಮ್ಮೂರ ಶಿರಸ್ತೇದಾರರು ನೆನಪಾದರು. ಅಳತೆ ತೆಗೆಯುವಾಗ ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವರು. ಪ್ಯಾಂಟು ಹಿಡಿಸದೆ ಹೋದಾಗ ಅಂಗಡಿಯ ಮುಂದೆ ನಿಂತು, "ಏನಯ್ಯಾ, ನಿನ್ನ ಟೇಪೇ ಸರಿಯಿಲ್ಲ" ಎಂದು ಕೂಗಾಡುವರು. ನಾನು, "ಸ್ವಾಮೀ, ಟೇಪು ಸುಳ್ಳು ಹೇಳಲ್ಲ, ತಮ್ಮ ಹೊಟ್ಟೆ ಹೇಳಿದೆ" ಎಂದು ನಾಲ್ಕು ಜನರ ಮುಂದೆ ಅಂದು ಬೀಗಿದವನು. ಈಗ ಮೊಮ್ಮಗಳ ಟೇಪಿನ ಮುಂದೆ ಶಿರಸ್ತೇದಾರನಾಗಿ ನಿಂತಿದ್ದೆ.

"ಮಗೂ, ನಾನು ಸ್ವಲ್ಪ ನೆಲ್ಲಿಕಾಯಿ ರಸ ಕುಡಿದಿದ್ದೆ."

"ಸ್ವಲ್ಪ ಅಂದ್ರೆ?"

"ದಿನಾ ಒಂದು ಚೊಂಬು."

ಅವಳು ಕಣ್ಣೊರೆಸುವುದನ್ನೂ ಮರೆತು ಎದ್ದು ನಿಂತಳು. "ವಿಟಮಿನ್ ಸಿ! ಆರೆಂಜ್ ಜ್ಯೂಸ್ ಲೆವೆಲ್‌ಗೆ ನಾನು ಚೆಕ್ ಮಾಡಿದ್ದೆ ತಾತಾ. ಚೊಂಬುಗಟ್ಟಲೆ ನೆಲ್ಲಿಕಾಯಿ ಯಾರು ಕುಡೀತಾರೆ?" ಬೈಯುತ್ತಾಳೆ ಎಂದು ಕಾದರೆ ಬಂದು ತಬ್ಬಿಕೊಂಡಳು. ವಿಟಮಿನ್ ಸಿ ಕೂಡ ತಂತಿಯ ಮೇಲೆ ಅದೇ ರೀತಿ ಕರೆಂಟು ಹುಟ್ಟಿಸುತ್ತದಂತೆ; ಪಟ್ಟಿಗೆ ರೋಗ ಯಾವುದು, ಮುದುಕನ ಡೌಲು ಯಾವುದು ತಿಳಿಯುವುದಿಲ್ಲ. ತಂತಿಯ ಮೇಲಿನ ಪೊರೆಯನ್ನು ಇನ್ನಷ್ಟು ಗಟ್ಟಿ ಮಾಡಿ ಅದನ್ನು ಹೊರಗೇ ತಡೆಯಬೇಕು. "ಓ, ಲೈನಿಂಗ್ ಬಟ್ಟೆ" ಎಂದೆ. "ಎಕ್ಸಾಕ್ಟ್ಲಿ!" ಎಂದಳು. ವಿಜ್ಞಾನದಲ್ಲಿ ನಾನು ಆಡಿದ ಸರಿಯಾದ ಮಾತು ಇದುವರೆಗೆ ಅದೊಂದೇ.

ಆಮೇಲೆ ಹತ್ತು ದಿನ ಅವಳು ಪೊರೆ ಬಳಿದಳು, ನಾನು ಅವಳ ಅಪ್ಪಣೆಯ ಮೇರೆಗೆ, ಅಳತೆ ಹಾಕಿ, ನೆಲ್ಲಿಕಾಯಿ ಕುಡಿದೆ. ಕದ್ದು ಕುಡಿದಾಗಿನ ರುಚಿ ಬರಲಿಲ್ಲ. ಕೊನೆಗೆ ಒಂದು ದಿನ ಲ್ಯಾಬಿನಿಂದ ಫೋನು ಬಂತು: "ತಾತಾ, ಗೆರೆ ಮಲ್ಕೊಂಡಿದೆ!"

ಅಡಿಲೇಡಿಗೆ ನಾನೇ ಹೊಲಿದ ಕೋಟು ಹಾಕಿಕೊಂಡು ಹೋದೆ. ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ನಿಧಿ ಮೈಕಿನ ಮುಂದೆ ನಿಂತು ಮಾತಾಡಿದ್ದು ನನಗೆ ಒಂದಕ್ಷರ ತಿಳಿಯಲಿಲ್ಲ, ಕಣ್ಣು ಮಾತ್ರ ತುಂಬಿ ತುಂಬಿ ಬಂತು. ಅಷ್ಟರಲ್ಲಿ ಪರದೆಯ ಮೇಲೆ ಎದ್ದಿತು ಒಂದು ಬೆಟ್ಟ, ಅದರ ಪಕ್ಕದಲ್ಲೇ ಮಟ್ಟಸವಾದ ಒಂದು ಗೆರೆ. ಮೇಲೆ ಹದಿನೇಳು ಎಂದು ಬರೆದಿತ್ತು. ಅಂಕೆ ನನಗೆ ಓದಲು ಬರುತ್ತದೆ. ತಡೆಯಲಾಗಲಿಲ್ಲ. ಪಕ್ಕದ ಬಿಳಿ ಹೆಂಗಸಿನ ಕಡೆ ಬಾಗಿ, ಪರದೆ ತೋರಿಸಿ, ಎದೆ ಮುಟ್ಟಿಕೊಂಡು, "ದಟ್, ಮೈನ್" ಎಂದೆ. ಆಕೆ ಪರದೆ ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಕೈಚೀಲವನ್ನು ಆಚೆ ಬದಿಗೆ ಇಟ್ಟುಕೊಂಡರು. ಚಪ್ಪಾಳೆ ಬಿದ್ದಾಗ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವನು ನಾನೇ.

ಪರ್ತಿಗೆ ವಾಪಸು ಬಂದ ಮೇಲೆ ನಾನು ಬದಲಾದ ಮನುಷ್ಯ ಎಂದುಕೊಂಡಿದ್ದೆ. ಅಳತೆ ಎಂದರೆ ಅಳತೆ, ಇದ್ದದ್ದು ಇದ್ದ ಹಾಗೆ ಎಂದು ನನ್ನಾಕೆಗೆ ದಿನಾ ಉಪದೇಶ ಮಾಡಿದೆ. ಮುಂದಿನ ವಾರ ಥಾರ್ನ್ಲಿಯ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆ ಬರುವ ಹಾಗಿದೆಯೇ ಎಂದು ನೋಡುವ ತಪಾಸಣೆ ಇತ್ತು. ನರ್ಸಮ್ಮ ನಗುತ್ತ ಬಂದು, ಸೊಂಟದ ಸುತ್ತಳತೆಗೆಂದು ಟೇಪು ಬಿಚ್ಚಿದಳು. ನಲವತ್ತು ವರ್ಷ ನನ್ನ ಕುತ್ತಿಗೆಯಲ್ಲಿ ನೇತಾಡಿದಂಥದೇ ಟೇಪು.

ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆಳೆದುಕೊಂಡೆ.