ಆರಿದ ಸ್ಟವ್ವಿಗೆ ಕಾವಲು

ಆಗ ನನಗೆ ಇಪ್ಪತ್ತೆಂಟು ವರ್ಷ. ಈಗ ಎಪ್ಪತ್ತಮೂರು, ಅಲ್ಲಿಗೆ ನಲವತ್ತೈದು ವರ್ಷದ ಹಿಂದಿನ ಸಂಗತಿ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಐದಾರು ವರ್ಷವಾಗಿತ್ತು. ಆ ಹೊತ್ತಿಗೆ ನನ್ನ ಕಿವಿಯೊಳಗೆ ಒಂದು ಸದ್ದು ಬಂದು ಕೂತಿತ್ತು. ಕಿವಿಯೊಳಗೆ ಸದ್ದು ಕೂತರೆ ಅದನ್ನು ಯಾರಿಗೂ ತೋರಿಸಲಾಗುವುದಿಲ್ಲ. ಗಾಯವಾದರೆ ರಕ್ತ ತೋರಿಸಬಹುದು, ಜ್ವರವಾದರೆ ಹಣೆ ಮುಟ್ಟಿಸಬಹುದು. ಗಂಡನಿಗೆ ಹೇಳಿದರೆ "ನನಗೆ ಕೇಳುದಿಲ್ಲವಲ್ಲ" ಎಂದು ಎಲೆಗೆ ಸುಣ್ಣ ಹಚ್ಚಿದರು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಸದ್ದು ಹಾಗೆಯೇ ಉಳಿಯಿತು. ತಲೆದಿಂಬು ಮಾತ್ರ ಒಂದು ವಾರ ಒಗ್ಗರಣೆಯ ವಾಸನೆ ಹೊಡೆಯಿತು.

ನಾನು ಸುಳ್ಯದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ. ಗಾಜಿನ ಸಿರಿಂಜು, ಸೂಜಿ ಕುದಿಸುವುದು ನನ್ನ ಕೆಲಸ. ಪಂಪು ಹೊಡೆಯುವ ಸೀಮೆಎಣ್ಣೆ ಸ್ಟವ್ವು. ಸಂಪಾಜೆ ಘಾಟಿ ಹತ್ತುವ ಲಾರಿಯ ಹಾಗೆ ಅದರ ಬೊಬ್ಬೆ. ಗಾಳಿಗೆ ಬೆಂಕಿ ಆರಬಾರದೆಂದು ಬಾಗಿಲು ಹಾಕಿ, ಬೆಳಿಗ್ಗೆಯಿಂದ ಸಂಜೆವರೆಗೆ ಅದರ ಪಕ್ಕ ಕೂರುತ್ತಿದ್ದೆ. ಕುದಿ ಬಂದ ಮೇಲೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ ಬಿಡಬೇಕೆಂದು ಡಾಕ್ಟ್ರ ಅಪ್ಪಣೆ. ಗಡಿಯಾರ ನೋಡಲು ನನಗೆ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರುವಾಗ ಬರುತ್ತದೆ ಎಂದಿದ್ದೆ. ಪಾತ್ರೆಯಲ್ಲಿ ಸೂಜಿಗಳು ಕಟಕಟ ಎಂದ ಮೇಲೆ ಎರಡು ವೀಳ್ಯ ಜಗಿದು ಮುಗಿಸುವಷ್ಟು ಹೊತ್ತು ಬಿಟ್ಟು ಇಳಿಸುತ್ತಿದ್ದೆ. ಬರಬರುತ್ತ ಆ ಕಟಕಟವೂ ಕೇಳುತ್ತಿರಲಿಲ್ಲ. ಸ್ಟವ್ವು ಬೊಬ್ಬೆ ಹೊಡೆಯುತ್ತಿದ್ದರೆ ನೀರು ಕುದಿಯದೆ ಎಲ್ಲಿಗೆ ಹೋದೀತು ಎಂದು ವೀಳ್ಯದ ಲೆಕ್ಕವನ್ನಷ್ಟೇ ನಂಬಿದ್ದೆ.

ಒಂದು ದಿನ ಕಲ್ಲುಗುಂಡಿಯಿಂದ ಒಬ್ಬಳು ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿಗೆ ಇಂಜೆಕ್ಷನ್ ಕೊಡಬೇಕಿತ್ತು. ನಾನು ಸ್ಟವ್ವಿಗೆ ಬೆನ್ನು ಹಾಕಿ ಬ್ಯಾಂಡೇಜು ಸುತ್ತುತ್ತ ವೀಳ್ಯ ಮುಗಿಸಿದೆ. ಕಂಪೌಂಡರ್ ಮೊಯ್ದಿನಬ್ಬನವರಿಗೆ "ಆಯ್ತು, ಕೊಂಡುಹೋಗಿ" ಎಂದೆ. ಅವರು ಪಾತ್ರೆ ಮುಟ್ಟಿ ನನ್ನ ಮುಖ ನೋಡಿದರು.

"ಇದೆಂತ ಮಾರಾಯ್ತಿ, ಈ ನೀರಲ್ಲಿ ಮಗುವನ್ನು ಮೀಯಿಸುದಾ? ಸ್ಟವ್ ಆರಿ ಎಷ್ಟು ಹೊತ್ತಾಯ್ತು?"

"ಉರೀತಾ ಉಂಟಲ್ಲ! ಕೇಳುದಿಲ್ವಾ?"

"ನಿನಗೆ ಮಾತ್ರ ಕೇಳುದು. ಸತ್ತ ಸ್ಟವ್ವಿಗೆ ಕಾವಲು ಕೂತಿದ್ದಿ."

ತಿರುಗಿ ನೋಡಿದೆ. ಸೀಮೆಎಣ್ಣೆ ಮುಗಿದು ಬೆಂಕಿ ಆರಿತ್ತು. ನನ್ನ ಕಿವಿಯೊಳಗಿನ ಸ್ಟವ್ವು ಆರಿರಲಿಲ್ಲ.

ಆ ಸೂಜಿ ಚುಚ್ಚಿದ್ದರೆ ಮಗುವಿನ ತೊಡೆಯಲ್ಲಿ ಕೀವು ತುಂಬುತ್ತಿತ್ತು. ಕೆಲಸ ಹೋದರೆ ಹೋಗಲಿ ಎಂದು ಕಿವಿಯ ಸಂಗತಿಯನ್ನು ಡಾಕ್ಟ್ರಿಗೆ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. "ಬಾಗಿಲು ಹಾಕಿ ಸ್ಟವ್ವಿನ ಬೊಬ್ಬೆ ಕೇಳಿ ಕೇಳಿ ಆದದ್ದು. ಬಂದ ಸದ್ದಿಗೆ ನನ್ನಲ್ಲಿ ಮದ್ದಿಲ್ಲ. ಇನ್ನು ಹೆಚ್ಚಾಗದ ಹಾಗೆ ನೋಡುದು, ಅಷ್ಟೆ. ಸ್ಟವ್ವನ್ನು ಹಿಂದಿನ ಜಗಲಿಗೆ ಹಾಕು. ಹೊತ್ತಿಸಿ ದೂರ ಕೂರು. ಆಗಾಗ ಎದ್ದು ಬೇರೆ ಕೆಲಸ ಮಾಡು. ಕಿವಿಗೆ ಎಣ್ಣೆ ಗಿಣ್ಣೆ ಬಿಡ್ಬೇಡ" ಎಂದರು. ಮತ್ತೆ ಗೋಡೆಯ ಕಡೆ ಕೈ ತೋರಿಸಿ, "ಹೊತ್ತು ತಿಳೀಲಿಕ್ಕೆ ಗಡಿಯಾರ ಉಂಟಲ್ಲ" ಎಂದರು. "ಉಂಟು" ಎಂದೆ. ಒಂದೇ ದಿನ ಎರಡು ನಿಜ ಹೇಳುವ ತಾಕತ್ತು ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ಟವ್ವನ್ನು ಜಗಲಿಗೆ ಸಾಗಿಸಿ, ಗಾಳಿಗೆ ಅಡ್ಡ ತಗಡು ನಿಲ್ಲಿಸಿದೆ. ಆಮೇಲೆ ಮೊಯ್ದಿನಬ್ಬನವರನ್ನು ಗೋಡೆಯ ಹತ್ತಿರ ಕರೆದು, "ನಗ್ಬೇಡಿ. ಉದ್ದದ ಮುಳ್ಳು ಎಲ್ಲಿಂದ ಎಲ್ಲಿಗೆ ಹೋದರೆ ಇಪ್ಪತ್ತು, ತೋರಿಸಿ" ಎಂದೆ.